ಒಮ್ಮೆ ಅಳತೆ, ಆಮೇಲೆ ಗೇಜು

ಹರಿಹರದಲ್ಲಿ ಲೇತ್ ಅಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಮೈಸೂರ್ ಕಿರ್ಲೋಸ್ಕರ್ ಕಂಪನಿ ಇಲ್ಲಿ ನೆಲೆಯೂರಿತು. ಲೇತಿನ ಕೆಲಸ ಈ ಊರಿನ ಎಷ್ಟೋ ಮನೆಗಳ ಅನ್ನವಾಯಿತು. ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೆ ಕೈಗೆ ಹತ್ತಿದ ವಿದ್ಯೆ ಗೇಟಿಗೆ ಬೀಗ ಬಿದ್ದ ಮಾತ್ರಕ್ಕೆ ಹೋಗುವುದಿಲ್ಲ. ಆ ವಿದ್ಯೆಯ ಒಂದು ಸಣ್ಣ ಪಾಠದಿಂದಲೇ ಈ ಅಧ್ಯಾಯ ಶುರುವಾಗುತ್ತದೆ.

ಒಬ್ಬ ಟರ್ನರ್ ಇನ್ನೂರು ಬುಷ್‌ಗಳ ಆರ್ಡರ್ ಹಿಡಿದಿದ್ದಾರೆ ಎಂದುಕೊಳ್ಳಿ. ಡ್ರಾಯಿಂಗ್‌ನಲ್ಲಿ ಒಳತೂತಿನ ಅಳತೆ 25 ಮಿ.ಮೀ., ಪಕ್ಕದಲ್ಲಿ ಎಚ್7 ಎಂದು ಬರೆದಿದೆ. ಎಂದರೆ ತೂತು 25.000 ಮಿ.ಮೀ.ಗಿಂತ ಚಿಕ್ಕದಿರಬಾರದು, 25.021ಕ್ಕಿಂತ ದೊಡ್ಡದಿರಬಾರದು. ನಡುವೆ ಇರುವುದು 21 ಮೈಕ್ರಾನ್, ತಲೆಕೂದಲಿಗಿಂತಲೂ ತೆಳು. ಮೊದಲ ಜಾಬ್ ಚಕ್ಕಿನಲ್ಲಿರುವಾಗ ಅವರು ಇನ್‌ಸೈಡ್ ಮೈಕ್ರೋಮೀಟರ್ ಇಳಿಸಿ, ಉಸಿರು ಹಿಡಿದು ಅಂಕಿ ಓದುತ್ತಾರೆ. ಟೂಲ್ ಸರಿಸುತ್ತಾರೆ, ಮತ್ತೆ ಅಳೆಯುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ಹಿಡಿಯಲೇಬೇಕು. ಎರಡನೆಯ ಜಾಬ್‌ನಿಂದ ಮೈಕ್ರೋಮೀಟರ್ ಪೆಟ್ಟಿಗೆ ಸೇರುತ್ತದೆ, ಪ್ಲಗ್ ಗೇಜ್ ಕೈಗೆ ಬರುತ್ತದೆ. ಅದರ ಒಂದು ತುದಿ ಗೋ, ಇನ್ನೊಂದು ತುದಿ ನೋ ಗೋ. ಗೋ ತುದಿ ತೂತಿನೊಳಗೆ ಸಲೀಸಾಗಿ ಇಳಿಯಬೇಕು, ನೋ ಗೋ ತುದಿ ಬಾಯಲ್ಲೇ ನಿಲ್ಲಬೇಕು. ಇಳಿಯಿತು, ನಿಂತಿತು, ಜಾಬ್ ಪಾಸು. ಮುಂದಿನದು.

ಗೇಜು ತೂತಿನ ಅಳತೆ ಎಷ್ಟೆಂದು ಹೇಳುವುದೇ ಇಲ್ಲ. 25.004 ಇದೆಯೋ 25.017 ಇದೆಯೋ ಅದಕ್ಕೆ ಗೊತ್ತಿಲ್ಲ. ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ಇದು ನಾವು ಒಪ್ಪಿಕೊಂಡ ಬಗೆಯದೇ, ಹೌದೋ ಅಲ್ಲವೋ? ಪ್ರಶ್ನೆ ಚಿಕ್ಕದಾದ್ದರಿಂದಲೇ ಉತ್ತರ ಬೇಗ ಬರುತ್ತದೆ. ಒಂದು ಸ್ವಭಾವದ ಕಂಪ್ಯೂಟರ್ ಭಾಷೆಯನ್ನು ಅದಕ್ಕೆ ತೀರಾ ವಿರುದ್ಧ ಸ್ವಭಾವದ ಯಂತ್ರದ ಮೇಲೆ ಓಡಿಸುವ ಕಷ್ಟವನ್ನು ಬಿಡಿಸಿದ್ದು ಈ ಗೇಜಿನ ಬುದ್ಧಿಯೇ.

ವಿರುದ್ಧ ಸ್ವಭಾವ ಯಾವುದು ಎಂದು ನೋಡೋಣ. ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡುವುದು ಜೆವಿಎಂ ಎಂಬ ಕಲ್ಪಿತ ಯಂತ್ರದ ಮೇಲೆ. ಓಡುತ್ತಿರುವ ಪ್ರೋಗ್ರಾಮಿಗೆ ನೆಲವಾಗಿರುವ ಇಂಥ ವ್ಯವಸ್ಥೆಗೆ ರನ್‌ಟೈಮ್ ಎನ್ನುತ್ತಾರೆ. ಜೆವಿಎಂಗೆ ಕೂಡುವುದಕ್ಕೆ ನಾಲ್ಕು ಬೇರೆ ಬೇರೆ ಆಜ್ಞೆಗಳಿವೆ: ಸಾಧಾರಣ ಪೂರ್ಣಾಂಕಕ್ಕೆ ಒಂದು, ದೊಡ್ಡ ಪೂರ್ಣಾಂಕಕ್ಕೆ ಒಂದು, ದಶಮಾಂಶಗಳಲ್ಲಿ ಚಿಕ್ಕದಕ್ಕೊಂದು, ದೊಡ್ಡದಕ್ಕೊಂದು. ಯಾವ ಆಜ್ಞೆ ಬೇಕೆಂದು, ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಿಗೆ ಇಳಿಸುವ ಕಂಪೈಲರ್ ಅದು ಓಡುವ ಮೊದಲೇ ತೀರ್ಮಾನಿಸಿರುತ್ತದೆ. ಪ್ರತಿ ಹೆಸರಿಗೂ ಅದರ ಬಗೆ, ಅಂದರೆ ಟೈಪ್, ಮೊದಲೇ ಗೊತ್ತು ಮಾಡಿರುವುದೇ ಇದಕ್ಕೆ ಕಾರಣ. ಓಡುವಾಗ ಯಂತ್ರ ಏನನ್ನೂ ಕೇಳುವುದಿಲ್ಲ. ಇದು ಸ್ಟ್ಯಾಟಿಕ್ ಟೈಪಿನ ಶಿಸ್ತು.

ಪೈಥಾನ್‌ನಂಥ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಕೂಡುವ ಚಿಹ್ನೆ ಒಂದೇ. 5ಕ್ಕೆ 3 ಕೂಡಿಸಿದರೆ 8. ‘ದಾವಣ’ ಎಂಬ ಅಕ್ಷರಮಾಲೆಗೆ ‘ಗೆರೆ’ ಕೂಡಿಸಿದರೆ ‘ದಾವಣಗೆರೆ’. ಒಂದು ಪಟ್ಟಿಗೆ ಇನ್ನೊಂದು ಪಟ್ಟಿ ಕೂಡಿಸಿದರೆ ಉದ್ದನೆಯ ಪಟ್ಟಿ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತು “ಅಣ್ಣಾ, ಇನ್ನೊಂದು” ಎಂದು ಕೂಗಿದ ಹಾಗೆ. ಇನ್ನೊಂದು ಎಂದರೆ ಏನು? ಸಪ್ಲೈಯರ್ ನಿಮ್ಮ ತಟ್ಟೆ ನೋಡಬೇಕು. ಬೆಣ್ಣೆ ದೋಸೆಯ ತುಣುಕು ಉಳಿದಿದ್ದರೆ ಅದು, ಖಾಲಿ ದೋಸೆಯದ್ದಾದರೆ ಖಾಲಿ ದೋಸೆ, ಓಪನ್ ದೋಸೆಯದ್ದಾದರೆ ಓಪನ್ ದೋಸೆ. ಪೈಥಾನ್ ಕೂಡ ಪ್ರತಿ ಸಲವೂ ತಟ್ಟೆ ನೋಡುತ್ತದೆ. ಎಡಗಡೆಯ ವಸ್ತುವಿನ ಬಗೆ ಯಾವುದು? ಅದಕ್ಕೆ ಕೂಡುವ ವಿಧಾನ ಗೊತ್ತೇ? ಗೊತ್ತಿಲ್ಲದಿದ್ದರೆ ಬಲಗಡೆಯದಕ್ಕೆ ಗೊತ್ತೇ? ಇಬ್ಬರೂ ಕೈಯೆತ್ತಿದರೆ ಮಾತ್ರ ತಪ್ಪೆಂದು ಹೇಳಿ ನಿಲ್ಲುತ್ತದೆ. ಬರೆಯುವವನಿಗೆ ಇದು ಸುಖ. ಯಂತ್ರಕ್ಕೆ ಪ್ರತಿ ಹೆಜ್ಜೆಯೂ ವಿಚಾರಣೆ.

ಹಾಗಾದರೆ ಎರಡನ್ನೂ ಯಾಕೆ ಜೋಡಿಸಬೇಕು? ಹರಿಹರದ ಸ್ಥಳಪುರಾಣ ಇದಕ್ಕೆ ಹತ್ತಿರದ ಉತ್ತರ ಕೊಡುತ್ತದೆ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾವು ಬಾರದಂತೆ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಬೇಕಾಯಿತು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ದೇವಸ್ಥಾನದಲ್ಲಿ ಆ ಮೂರ್ತಿ ಇವತ್ತಿಗೂ ನಿಂತಿದೆ: ಬಲಗಡೆ ಶಿವ, ಎಡಗಡೆ ವಿಷ್ಣು. ತಂತ್ರಾಂಶದಲ್ಲೂ ಒಬ್ಬರಿಂದಾಗದ ಕೆಲಸಗಳಿವೆ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ, ಸಿದ್ಧ ಕೋಡಿನ ಗಟ್ಟಿ ಲೈಬ್ರರಿಗಳು, ಲಕ್ಷಾಂತರ ವ್ಯವಹಾರಗಳನ್ನು ತಡೆದುಕೊಳ್ಳುವ ಬುನಾದಿ, ಇವು ಸ್ಟ್ಯಾಟಿಕ್ ಭಾಷೆಯಲ್ಲಿರುತ್ತವೆ. ದಿನಕ್ಕೊಂದು ಬದಲಾಗುವ ನಿಯಮ, ಪ್ರಯೋಗ, ಲೆಕ್ಕದ ತಿದ್ದುಪಡಿ, ಇವಕ್ಕೆ ಸ್ಕ್ರಿಪ್ಟ್ ಹಗುರ. ಬುನಾದಿಯನ್ನು ಒಡೆಯದೆ ಮೇಲಿನ ಅಟ್ಟವನ್ನು ಬದಲಿಸುತ್ತಿರಬೇಕು ಎನ್ನುವವರಿಗೆ ಎರಡೂ ಬೇಕು. ಮೂರ್ತಿಯಲ್ಲಿ ಒಂದೇ ಕಲ್ಲು, ಸಂದಿಲ್ಲ. ತಂತ್ರಾಂಶದಲ್ಲಿ ಸಂದು ಇದ್ದೇ ಇರುತ್ತದೆ. ಕಷ್ಟವೆಲ್ಲ ಆ ಸಂದಿನಲ್ಲಿ.

ಸಂದನ್ನು ದಾಟುವ ಮೊದಲ ಸಮಸ್ಯೆಯನ್ನು ಕನ್ನಡಿಗರು ದಿನಾ ಬಗೆಹರಿಸುತ್ತಿದ್ದೇವೆ. ಇಂಗ್ಲಿಷಿನ ‘ಬಸ್’ ನಮ್ಮಲ್ಲಿಗೆ ಬಂತು. ನಮ್ಮ ವಿಭಕ್ತಿ ಪ್ರತ್ಯಯಗಳು ಅದಕ್ಕೆ ಹಾಗೆಯೇ ಹತ್ತುವುದಿಲ್ಲ. ಬರವಣಿಗೆಯಲ್ಲಿ ‘ಬಸ್‌ಗೆ’ ಎಂದು ಬರೆಯುವುದುಂಟು, ಬಾಯಿ ಅದನ್ನು ಒಪ್ಪುವುದಿಲ್ಲ. ಕೊನೆಗೊಂದು ಉಕಾರ ಸೇರಿಸಿ ‘ಬಸ್ಸು’ ಮಾಡಿದೆವು. ಆಮೇಲೆ ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸನ್ನು, ಎಲ್ಲವೂ ಸಲೀಸು. ಒಳಗಿರುವುದು ಅದೇ ಬಸ್, ಹೊರಗೊಂದು ಕನ್ನಡದ ಅಂಗಿ. ಕಂಪ್ಯೂಟರಿನವರು ಇದಕ್ಕೆ ರ‍್ಯಾಪರ್ ಎನ್ನುತ್ತಾರೆ. ಸಂಸ್ಕೃತದ ‘ಆಕಾಶ’ಕ್ಕೆ ನಾವು ಮಾಡಿದ್ದು ಬೇರೆ. ಅದನ್ನು ಒಡೆದು, ನಮ್ಮ ಅಚ್ಚಿನಲ್ಲಿ ಎರಕ ಹೊಯ್ದು ‘ಆಗಸ’ ಮಾಡಿಕೊಂಡೆವು. ಇದು ಪರಿವರ್ತನೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಪದಗಳಿಗಾಗಿಯೇ ಅಪಭ್ರಂಶ ಪ್ರಕರಣ ಎಂಬ ಅಧ್ಯಾಯ ಬರೆದ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಹಾಗೆಯೇ ಸಮಾಸ ಮಾಡಿದರೆ ಅರಿಸಮಾಸ, ದೋಷ ಎಂದ. ಹಿಂದಿನ ಒಳ್ಳೆಯ ಕವಿಗಳು ಬಳಸಿದ ಕಡೆ ವಿನಾಯಿತಿಯನ್ನೂ ಕೊಟ್ಟ. ಎರಡು ಭಾಷಾವ್ಯವಸ್ಥೆಗಳ ಗಡಿಯಲ್ಲಿ ಯಾವುದನ್ನು ಹೇಗೆ ಬಿಡಬೇಕು ಎಂಬ ನಿಯಮಪಟ್ಟಿ ಬರೆದವರಲ್ಲಿ ಅವನೂ ಒಬ್ಬ ಎಂದು ನಾನು ಗೌರವದಿಂದ ನೆನೆಯುತ್ತೇನೆ.

ಅಂಗಿಗೂ ಎರಕಕ್ಕೂ ಬೆಲೆ ಬೇರೆ ಬೇರೆ. ಲಕ್ಷ ಸಾಲಿನ ಪೈಥಾನ್ ಪಟ್ಟಿಯನ್ನು ಜಾವಾ ಪಟ್ಟಿಯಾಗಿ ಎರಕ ಹೊಯ್ದರೆ ದಾಟುವಾಗಲೇ ಲಕ್ಷ ಸಲ ನಕಲು ಮಾಡಬೇಕು. ಆಮೇಲೆ ಅಲ್ಲೊಂದು ಸಾಲು ತಿದ್ದಿದರೆ ಇಲ್ಲಿ ಗೊತ್ತಾಗುವುದಿಲ್ಲ, ಏಕೆಂದರೆ ಈಗ ಪಟ್ಟಿಗಳು ಎರಡು. ಅಂಗಿ ತೊಡಿಸಿದರೆ ದಾಟುವುದು ಸಲೀಸು, ಆದರೆ ಪ್ರತಿ ಸಲ ಮುಟ್ಟಿದಾಗಲೂ ಅಂಗಿಯ ಗುಂಡಿ ಬಿಚ್ಚಬೇಕು. ಅಂಕಿಗಳ ವಿಷಯದಲ್ಲಿ ಈ ಅಂಗಿ ಭಾರಿ ತೂಕದ್ದು. ಜಾವಾದ ಬರಿಯ ಪೂರ್ಣಾಂಕ 4 ಬೈಟ್. ಅದಕ್ಕೆ ವಸ್ತುವಿನ ಅಂಗಿ ತೊಡಿಸಿದರೆ ಇಂದಿನ 64 ಬಿಟ್ ಯಂತ್ರಗಳಲ್ಲಿ ಸಾಮಾನ್ಯವಾಗಿ 16 ಬೈಟ್. ಒಂದು ಕೋಟಿ ಅಂಕಿಗಳಿದ್ದರೆ 4 ಕೋಟಿ ಬೈಟ್ ಆಗಬೇಕಿದ್ದದ್ದು 16 ಕೋಟಿ, ಅವೆಲ್ಲ ಎಲ್ಲೆಲ್ಲಿವೆ ಎಂಬ ವಿಳಾಸ ಬರೆದಿಡಲು ಮೇಲೆ ಇನ್ನಷ್ಟು.

ಅಂಕಿಗಳಲ್ಲಿ ಇನ್ನೊಂದು ಅಪಾಯವಿದೆ. ಪೈಥಾನ್‌ನ ಪೂರ್ಣಾಂಕಕ್ಕೆ ಮೇಲ್ಮಿತಿಯಿಲ್ಲ, ಎಷ್ಟು ಬೇಕಾದರೂ ಬೆಳೆಯುತ್ತದೆ. ಜಾವಾದ ಸಾಧಾರಣ ಪೂರ್ಣಾಂಕ 214 ಕೋಟಿ 74 ಲಕ್ಷ 83 ಸಾವಿರದ 647ಕ್ಕೆ ನಿಲ್ಲುತ್ತದೆ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ವಹಿವಾಟನ್ನು ಪೈಸೆಯ ಲೆಕ್ಕದಲ್ಲಿ ಕೂಡುವ ಪ್ರೋಗ್ರಾಂ ಇದೆ ಎಂದುಕೊಳ್ಳಿ. ಎರಡು ಕೋಟಿ ಹದಿನಾಲ್ಕು ಲಕ್ಷ ಎಪ್ಪತ್ನಾಲ್ಕು ಸಾವಿರ ಚಿಲ್ಲರೆ ರೂಪಾಯಿಗೆ ಆ ಪಾತ್ರೆ ತುಂಬಿತು. ಅದರ ಮೇಲೆ ಒಂದು ಪೈಸೆ ಬಿದ್ದರೆ ಜಾವಾ ಸದ್ದಿಲ್ಲದೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಋಣಸಂಖ್ಯೆಗೆ ಹೊರಳುತ್ತದೆ. ಸ್ಕ್ರಿಪ್ಟ್ ಬರೆದವನಿಗೆ ಇಂಥದ್ದೊಂದು ಇದೆಯೆಂಬ ಕಲ್ಪನೆಯೂ ಇರುವುದಿಲ್ಲ. ಎರಡು ಭಾಷೆಗಳ ನಡುವೆ ಸೇತುವೆ ಕಟ್ಟುವವನು ಇದನ್ನು ತಡೆಯಲೇಬೇಕು: ದೊಡ್ಡ ಪಾತ್ರೆಗೆ ಸುರಿಯಬೇಕು, ಇಲ್ಲವೇ ಗಟ್ಟಿಯಾಗಿ ಕೂಗಿ ನಿಲ್ಲಿಸಬೇಕು. ಸುಮ್ಮನೆ ತಪ್ಪು ಉತ್ತರ ಕೊಡುವ ಸೇತುವೆಗಿಂತ ಸೇತುವೆಯೇ ಇಲ್ಲದಿರುವುದು ಮೇಲು.

ಇನ್ನೂ ಸೂಕ್ಷ್ಮವಾದದ್ದು ಹೆಸರಿನ ಗೊಂದಲ. ಜಾವಾದ ಪಟ್ಟಿಗೆ ‘ತೆಗೆ’ ಎಂಬ ಅರ್ಥದ ಒಂದೇ ಹೆಸರಿನ ಎರಡು ಕೆಲಸಗಳಿವೆ. ಬರಿಯ ಪೂರ್ಣಾಂಕ ಕೊಟ್ಟರೆ ಆ ಸ್ಥಾನದಲ್ಲಿರುವುದನ್ನು ತೆಗೆಯುತ್ತದೆ, ಅಂಗಿ ತೊಟ್ಟ ಪೂರ್ಣಾಂಕ ಕೊಟ್ಟರೆ ಆ ಬೆಲೆಯನ್ನೇ ಹುಡುಕಿ ತೆಗೆಯುತ್ತದೆ. ಒಂದು ಶೆಡ್ಡಿನ ಕೆಲಸಗಾರರ ಟೋಕನ್ ಪಟ್ಟಿ ಹೀಗಿದೆ ಎನ್ನಿ: 12, 7, 5, 31, 18, 40. ‘5 ತೆಗೆ’ ಎಂದರೆ 5 ಎಂಬ ಟೋಕನಿನವರು ಹೊರಗೆ ಹೋಗಬೇಕೋ, ಸೊನ್ನೆಯಿಂದ ಎಣಿಸಿ ಐದನೆಯ ಸ್ಥಾನದಲ್ಲಿರುವ 40ರವರೋ? ಜಾವಾದಲ್ಲಿ ಕಂಪೈಲರ್ ಬಗೆ ನೋಡಿ ಮೊದಲೇ ಆರಿಸಿಬಿಡುತ್ತದೆ. ಪೈಥಾನ್‌ನಿಂದ ಬಂದ 5ಕ್ಕೆ ಅಂಗಿ ಇದೆ, ಇಲ್ಲ ಎಂಬ ಭೇದವೇ ಇಲ್ಲ. ಆ ತೀರ್ಪನ್ನು ಓಡುವಾಗ, ಅಲ್ಲೇ, ಸೇತುವೆ ಕೊಡಬೇಕು. ಯಾವ ನಿಯಮ ಬರೆದರೂ ಯಾರಿಗೋ ಒಬ್ಬರಿಗೆ ಅಚ್ಚರಿ ತಪ್ಪಿದ್ದಲ್ಲ. ಈ ಕೆಲಸ ಮಾಡುವವರ ಹೆಚ್ಚಿನ ಹೊತ್ತು ಹೋಗುವುದು ಇಂಥ ಪುಟ್ಟ ನ್ಯಾಯಪಂಚಾಯಿತಿಗಳಲ್ಲೇ.

ಇಷ್ಟೆಲ್ಲ ವಿಚಾರಣೆ ಪ್ರತಿ ಹೆಜ್ಜೆಗೂ ಆಗುವುದಾದರೆ ಪ್ರೋಗ್ರಾಂ ತೆವಳುತ್ತದೆ. ಬಹಳ ಕಾಲ ಜನ ಹಾಗೆಯೇ ನಂಬಿದ್ದರು. ಜಿಮ್ ಹ್ಯೂಗುನಿನ್ ಎಂಬವರು 1997ರಲ್ಲಿ ಪೈಥಾನನ್ನು ಜೆವಿಎಂ ಮೇಲೆ ಓಡಿಸಿ ತೋರಿಸಿದರು. ಮುಂದೆ ಜೈಥಾನ್ ಎಂದು ಹೆಸರಾದದ್ದು ಅದೇ. 2002ರಲ್ಲಿ ಮೈಕ್ರೋಸಾಫ್ಟಿನ ಡಾಟ್‌ನೆಟ್ ಎಂಬ ರನ್‌ಟೈಮ್ ಬಂತು. ಅದು ಪೈಥಾನ್‌ನಂತೆ ಓಡುವಾಗಲೇ ಬಗೆ ನೋಡುವ ಡೈನಮಿಕ್ ಭಾಷೆಗಳಿಗೆ ಒಗ್ಗುವುದಿಲ್ಲ ಎಂಬ ಮಾತು ಎಲ್ಲೆಡೆ ಇತ್ತು. ಯಾಕೆ ಒಗ್ಗುವುದಿಲ್ಲ ಎಂದು ಲೇಖನ ಬರೆಯುವ ಉದ್ದೇಶದಿಂದಲೇ ಹ್ಯೂಗುನಿನ್ ಅದರ ಮೇಲೆ ಪೈಥಾನ್ ಕಟ್ಟಲು ಕೂತರು. ಕಟ್ಟುತ್ತ ಹೋದ ಹಾಗೆ ಲೇಖನದ ತಳವೇ ಕುಸಿಯಿತು. 2004ರಲ್ಲಿ ಅವರು ಮಂಡಿಸಿದ ಐರನ್‌ಪೈಥಾನ್, ಪೈಸ್ಟೋನ್ ಎಂಬ ಪರೀಕ್ಷೆಯಲ್ಲಿ ಆಗಿನ ಮೂಲ ಪೈಥಾನ್‌ಗಿಂತ 1.7 ಪಟ್ಟು ವೇಗವಾಗಿ ಓಡಿತು. ಅದರ ಮೊದಲ ಪೂರ್ಣ ಆವೃತ್ತಿ 2006ರಲ್ಲಿ ಹೊರಬಂತು. ತಾನು ನಂಬಿದ್ದಕ್ಕೆ ವಿರುದ್ಧವಾದ ಅಳತೆ ಬಂದಾಗ ಅಳತೆಯನ್ನೇ ಒಪ್ಪಿಕೊಂಡ ಆ ಪ್ರಾಮಾಣಿಕತೆ ನನಗೆ ವೇಗಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಂಥ ಭಾಷೆಗಳನ್ನು ಚುರುಕಾಗಿಸುವ ಒಂದು ದೊಡ್ಡ ಗುಟ್ಟು ಎಲ್ಲಿದೆ? ಹರಿಹರದ ಪ್ಲಗ್ ಗೇಜಿನಲ್ಲಿ. ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಕೂಡುವ ಚಿಹ್ನೆ ಇದೆ ಎಂದುಕೊಳ್ಳಿ. ಭಾಷೆಯ ನಿಯಮದಂತೆ ಅಲ್ಲಿಗೆ ಏನು ಬೇಕಾದರೂ ಬರಬಹುದು. ಆದರೆ ನಿಜವಾಗಿ ಓಡುವ ಪ್ರೋಗ್ರಾಮುಗಳಲ್ಲಿ ಆ ಜಾಗಕ್ಕೆ ಹಿಂದಿನ ಸಲ ಪೂರ್ಣಾಂಕ ಬಂದಿದ್ದರೆ ಈ ಸಲವೂ ಬರುವುದು ಪೂರ್ಣಾಂಕವೇ, ಹೆಚ್ಚಿನ ಪಾಲು. ಚಕ್ಕಿನಿಂದ ಒಂದಾದ ಮೇಲೊಂದು ಅದೇ ಬುಷ್ ಇಳಿಯುವ ಹಾಗೆ. ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ಚುರುಕುಗೊಳಿಸಲು ಹೊರಟ ಪೀಟರ್ ಡಾಯ್ಚ್ ಮತ್ತು ಅಲನ್ ಶಿಫ್‌ಮನ್ 1984ರಲ್ಲಿ ಇದನ್ನು ಬಳಸಿಕೊಂಡರು. ಮೊದಲ ಸಲ ಪೂರ್ತಿ ವಿಚಾರಣೆ ಮಾಡು, ಸಿಕ್ಕ ಉತ್ತರವನ್ನು ಆ ಜಾಗದಲ್ಲೇ ಬರೆದಿಡು. ಎರಡನೆಯ ಸಲದಿಂದ ‘ಇದರ ಬಗೆ ಯಾವುದು’ ಎಂದು ಕೇಳಬೇಡ, ‘ಹಿಂದಿನದೇ ಬಗೆಯೋ’ ಎಂದಷ್ಟೇ ಕೇಳು. ಹೌದಾದರೆ ಬರೆದಿಟ್ಟ ಉತ್ತರಕ್ಕೆ ನೇರ ಹಾರು. ಅಲ್ಲವಾದರೆ ಮಾತ್ರ ಮೈಕ್ರೋಮೀಟರ್ ಹೊರತೆಗೆ. ಈ ಉಪಾಯದ ಹೆಸರು ಇನ್‌ಲೈನ್ ಕ್ಯಾಶ್.

ಒಂದೇ ಜಾಗಕ್ಕೆ ಎರಡು ಮೂರು ಬಗೆ ಸರದಿಯಲ್ಲಿ ಬಂದರೆ? ಟರ್ನರ್ ಬೆಂಚಿನ ಮೇಲೆ ಎರಡು ಮೂರು ಗೇಜು ಸಾಲಾಗಿ ಇಟ್ಟುಕೊಳ್ಳುತ್ತಾರೆ. ಉರ್ಸ್ ಹೋಲ್ಸ್‌ಲೆ, ಕ್ರೇಗ್ ಚೇಂಬರ್ಸ್, ಡೇವಿಡ್ ಉಂಗರ್ ಮೂವರೂ 1991ರಲ್ಲಿ ಸೆಲ್ಫ್ ಎಂಬ ಭಾಷೆಗೆ ಮಾಡಿದ್ದು ಅದನ್ನೇ. ಗೇಜುಗಳು ಹತ್ತಾರು ಆದರೆ ಮಾತ್ರ ಉಪಾಯ ಸೋಲುತ್ತದೆ. ಸರಿಯಾದ ಗೇಜು ಹುಡುಕುವ ಹೊತ್ತಿಗೆ ಅಳೆದೇ ಮುಗಿಸಬಹುದಿತ್ತು.

ಈಗ ಇದನ್ನು ಸ್ಟ್ಯಾಟಿಕ್ ರನ್‌ಟೈಮಿನ ಒಳಗೇ ಕೂರಿಸಬೇಕಿತ್ತು. ಜೆವಿಎಂನಲ್ಲಿ ಕೆಲಸ ಕರೆಯುವ ಆಜ್ಞೆಗಳು ಮೊದಲಿನಿಂದ ನಾಲ್ಕೇ. ನಾಲ್ಕಕ್ಕೂ ಯಾರನ್ನು ಕರೆಯುತ್ತೀಯ, ಯಾವ ಬಗೆಯ ವಸ್ತು ಕೊಡುತ್ತೀಯ ಎಂದು ಮೊದಲೇ ಬರೆದುಕೊಡಬೇಕು. ಹೊರಗಿನಿಂದ ಬಂದ ಪೈಥಾನ್‌ನಂಥ ಅತಿಥಿ ಭಾಷೆಗಳು ಈ ಬಾಗಿಲಲ್ಲಿ ಬಗ್ಗಿ ನುಸುಳುತ್ತಿದ್ದವು. ಜಾನ್ ರೋಸ್ ಮುಂದಾಳುತನದಲ್ಲಿ ವರ್ಷಗಟ್ಟಲೆ ಚರ್ಚೆ ನಡೆದು, 2011ರ ಜಾವಾ 7ರಲ್ಲಿ ಇನ್ವೋಕ್‌ಡೈನಮಿಕ್ ಎಂಬ ಐದನೆಯ ಆಜ್ಞೆ ಬಂತು. ಅದರ ನಡೆ ಹೀಗೆ: ಆ ಜಾಗಕ್ಕೆ ಮೊದಲ ಸಲ ಬಂದಾಗ ರನ್‌ಟೈಮ್ ತಾನೇ ತೀರ್ಮಾನಿಸುವುದಿಲ್ಲ, ‘ನಿನ್ನ ಭಾಷೆಯ ನಿಯಮ ಏನು’ ಎಂದು ಅತಿಥಿಯನ್ನು ಕೇಳುತ್ತದೆ. ಅತಿಥಿ ಅಳತೆ ಮಾಡಿ, ಒಂದು ಗೇಜನ್ನೂ ಗೇಜು ಪಾಸಾದರೆ ಮಾಡಬೇಕಾದ ಕೆಲಸವನ್ನೂ ಕಟ್ಟಿಕೊಡುತ್ತದೆ. ಆಮೇಲಿಂದ ರನ್‌ಟೈಮ್ ಅದನ್ನು ತನ್ನದೇ ಸಾಲಿನಂತೆ ನೋಡಿಕೊಂಡು ಯಂತ್ರಭಾಷೆಗೆ ಇಳಿಸುತ್ತದೆ. ಡಾಟ್‌ನೆಟ್ ಕಡೆಯೂ ಇದೇ ಬುದ್ಧಿ ಬೇರೆ ದಾರಿಯಲ್ಲಿ ಬಂದು 2010ರಲ್ಲಿ ಸಿ ಶಾರ್ಪ್ ಭಾಷೆಗೆ ಡೈನಮಿಕ್ ಎಂಬ ಪದವಾಗಿ ಸೇರಿತು. ಅತಿಥಿಗಳಿಗೆಂದು ಕೊರೆದ ಐದನೆಯ ಬಾಗಿಲನ್ನು 2014ರಲ್ಲಿ ಮನೆಯೊಡತಿ ಜಾವಾ ಲ್ಯಾಂಬ್ಡಾ ಎಂಬ ತನ್ನ ಹೆಸರಿಲ್ಲದ ಪುಟ್ಟ ಕೆಲಸಗಳಿಗೂ ಬಳಸಿಕೊಂಡಳು.

ಎಲ್ಲ ಸಂದೂ ಹೀಗೆ ಬೆಸೆದುಕೊಳ್ಳಲಿಲ್ಲ. ನಮ್‌ಪೈಯಂಥ ಹೆಸರಾಂತ ಪೈಥಾನ್ ಸಲಕರಣೆಗಳ ಒಳಗಿರುವುದು ಸಿ ಭಾಷೆ, ಅದು ಮೂಲ ಪೈಥಾನ್‌ನ ಒಳಕರುಳಿಗೇ ಕಟ್ಟಿಕೊಂಡಿದೆ. ಜೈಥಾನ್ ಅದನ್ನು ಓಡಿಸಲಾರದೆ ಹಿಂದುಳಿಯಿತು, 2.7ರ ಪೀಳಿಗೆಯಲ್ಲೇ ನಿಂತಿದೆ. ಎರಡು ರನ್‌ಟೈಮುಗಳನ್ನು ಅಕ್ಕಪಕ್ಕ ನಿಲ್ಲಿಸಿ ಸೇತುವೆ ಹಾಕಿದರೆ ನೆನಪಿನ ಕಸ ಗುಡಿಸುವ ತಕರಾರು ಏಳುತ್ತದೆ. ಮೂಲ ಪೈಥಾನ್ ಪ್ರತಿ ವಸ್ತುವನ್ನು ಎಷ್ಟು ಜನ ಹಿಡಿದಿದ್ದಾರೆಂದು ಎಣಿಸುತ್ತದೆ. ಜೆವಿಎಂ ಬೇರಿನಿಂದ ಹುಡುಕುತ್ತ ಹೋಗಿ ಕೈಗೆ ಸಿಗದ್ದನ್ನು ಎಸೆಯುತ್ತದೆ. ಅಲ್ಲಿನ ವಸ್ತು ಇಲ್ಲಿಯದನ್ನು, ಇಲ್ಲಿಯದು ಅಲ್ಲಿನದನ್ನು ಹಿಡಿದುಕೊಂಡರೆ ಎರಡು ಕಚೇರಿಗಳ ನಡುವೆ ಸಿಕ್ಕ ಕಡತದ ಗತಿ. ಯಾರಿಗೂ ಬೇಡ, ಯಾರೂ ವಿಲೇವಾರಿ ಮಾಡುವುದಿಲ್ಲ. ಇದಕ್ಕೆ ಗೇಜಿನಂಥ ಚಂದದ ಉಪಾಯ ಇನ್ನೂ ಇಲ್ಲ. ಜೋಡಿಸುವವರು ಕೈಯಾರೆ ಬಿಡಿಸುತ್ತಾರೆ.

ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ, 1979ರಿಂದ ಬಿಐಇಟಿ ಇಂಜಿನಿಯರುಗಳನ್ನು ತಯಾರು ಮಾಡುತ್ತಿವೆ. ಇವತ್ತು ಅಲ್ಲಿ ಮೆಕ್ಯಾನಿಕಲ್ ಓದುವವರು ಗೇಜು ಹಿಡಿಯುತ್ತಾರೆ, ಕಂಪ್ಯೂಟರ್ ಓದುವವರು ಪೈಥಾನ್ ಬರೆಯುತ್ತಾರೆ. ಎರಡು ವಿಭಾಗದವರೂ ಒಂದು ಸಂಜೆ ಒಟ್ಟಿಗೆ ಕೂತು ಈ ಪ್ರಯೋಗ ಮಾಡಿ ನೋಡಿ. ಪೈಥಾನ್ 3.11 ಅಥವಾ ಅದರ ನಂತರದ್ದು ಸಾಕು. 2022ರಲ್ಲಿ ಬಂದ ಆ ಆವೃತ್ತಿಯಲ್ಲಿ ಮೂಲ ಪೈಥಾನ್ ಕೂಡ ಕೂಡುವ ಚಿಹ್ನೆಯ ಪಕ್ಕದಲ್ಲೇ ಗೇಜು ಇಟ್ಟುಕೊಳ್ಳಲು ಕಲಿತಿತು. ಹತ್ತು ಲಕ್ಷ ಅಂಕಿಗಳ ಎರಡು ಪಟ್ಟಿ ಮಾಡಿ. ಮೊದಲನೆಯದರಲ್ಲಿ ಐದು ಲಕ್ಷ ಪೂರ್ಣಾಂಕ, ಅವು ಮುಗಿದ ಮೇಲೆ ಐದು ಲಕ್ಷ ದಶಮಾಂಶ. ಎರಡನೆಯದರಲ್ಲಿ ಅವೇ ಅಂಕಿಗಳು, ಆದರೆ ಒಂದು ಪೂರ್ಣಾಂಕ, ಒಂದು ದಶಮಾಂಶ, ಹೀಗೆ ಬೆರೆಸಿ. ಪ್ರತಿ ಅಂಕಿಯನ್ನು ಅದಕ್ಕೇ ಕೂಡಿಸುವ ಒಂದೇ ಸಾಲಿನ ಕೆಲಸವನ್ನು ಎರಡೂ ಪಟ್ಟಿಗಳ ಮೇಲೆ ಹಲವು ಸಲ ಓಡಿಸಿ, ಹಿಡಿದ ಹೊತ್ತನ್ನು ಅಕ್ಕಪಕ್ಕ ಬರೆದಿಡಿ.